ಅರ್ಬುದವೂ ಪ್ರಾಣವಾಯುವೂ



ಕಳೆದ ತಿಂಗಳು ಮಠದ ಆವರಣದಲ್ಲಿ ಉಚಿತ ಆರೋಗ್ಯ ತಪಾಸಣೆ ನಡೆದ ದಿನ, ಪ್ರಸಾದದ ವೇಳೆಗೆ ಗೌರಿಬಿದನೂರು ಕಡೆಯ ಭಕ್ತರೊಬ್ಬರು ಬಂದು ನಮ್ಮ ಪಕ್ಕದಲ್ಲಿ ಕುಳಿತರು. ಅವರ ಅಕ್ಕನನ್ನು ಶಿಡ್ಲಘಟ್ಟಕ್ಕೆ ಕೊಟ್ಟಿದೆ. ಮನೆಯಲ್ಲಿಯೇ ರೇಷ್ಮೆ ನೂಲು ಬಿಚ್ಚಾಣಿಕೆಯ ಕಾಯಕ. ಆ ತಾಯಿಯ ಎಡ ಸ್ತನದಲ್ಲಿ ನಾಲ್ಕು ತಿಂಗಳಿಂದ ಒಂದು ಗಂಟು ಕಾಣಿಸಿಕೊಂಡಿದೆ. ನೋವಿಲ್ಲದ ಕಾರಣ ಯಾರಿಗೂ ತೋರಿಸಿಲ್ಲ.

"ಡಾಕ್ಟ್ರೇ, ಕ್ಯಾನ್ಸರ್‌ಗೆ ಆಕ್ಸಿಜನ್ ಕಂಡರೆ ಆಗುವುದಿಲ್ಲವಂತೆ. ಅದನ್ನು ಕಂಡುಹಿಡಿದವರಿಗೆ ನೊಬೆಲ್ ಬಹುಮಾನ ಕೊಟ್ಟಿದ್ದಾರಂತೆ, ಮೊಬೈಲಿನಲ್ಲಿ ಬಂದಿತ್ತು. ಅಕ್ಕ ದಿನಾ ಎರಡು ಗಂಟೆ ಪ್ರಾಣಾಯಾಮ ಮಾಡ್ತಾ ಇದ್ದಾಳೆ. ಇನ್ನು ಆಸ್ಪತ್ರೆಗೆ ಹೋಗಿ ಕುಯ್ಸಬೇಕಾ?" ಎಂದು ಅವರು ಕೇಳಿದರು.

"ನಾಳೆಯೇ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿ" ಎಂದೆವು. ಅವರು ತಲೆಯಾಡಿಸಿದರು, ಆದರೆ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಆಯುರ್ವೇದದ ವೈದ್ಯರೇ ಪ್ರಾಣಾಯಾಮ ಸಾಲದು ಎಂದರೆ ಹೇಗೆ ಎಂಬ ಪ್ರಶ್ನೆ ಅವರ ಕಣ್ಣಿನಲ್ಲಿತ್ತು. ಪ್ರಸಾದದ ಪಂಕ್ತಿಯಲ್ಲಿ ಕುಳಿತು ವಿವರಿಸಲಾಗದಿದ್ದುದನ್ನು ಇಲ್ಲಿ ಬರೆಯುತ್ತಿದ್ದೇವೆ. ಮೊಬೈಲಿನಲ್ಲಿ ಬಂದ ಮಾತು ಪೂರ್ತಿ ಸುಳ್ಳಲ್ಲ. ಅರ್ಧ ಸತ್ಯವಾದುದರಿಂದಲೇ ಅದು ಹೆಚ್ಚು ಅಪಾಯಕಾರಿ.

ಪ್ರಾಣವಾಯು ಸಾಗುವ ದಾರಿ

ನಾವು ಉಸಿರಾಡುವ ಗಾಳಿಯಲ್ಲಿ ಶೇ. 21ರಷ್ಟು ಆಮ್ಲಜನಕವಿದೆ. ಶ್ವಾಸಕೋಶದೊಳಗೆ ಅದು ರಕ್ತಕ್ಕೆ ಸೇರಿ, ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್ ಎಂಬ ಕಬ್ಬಿಣಯುಕ್ತ ಪ್ರೋಟೀನಿಗೆ ಅಂಟಿಕೊಂಡು ದೇಹವೆಲ್ಲ ಸಂಚರಿಸುತ್ತದೆ. ದೊಡ್ಡ ರಕ್ತನಾಳಗಳು ಕವಲೊಡೆದು, ಕೂದಲಿಗಿಂತಲೂ ತೆಳುವಾದ ಲೋಮನಾಳಗಳಾಗುತ್ತವೆ. ಅಲ್ಲಿಂದ ಆಮ್ಲಜನಕವು ನಾಳದ ಗೋಡೆಯನ್ನು ದಾಟಿ ಅಕ್ಕಪಕ್ಕದ ಜೀವಕೋಶಗಳಿಗೆ ಒಸರುತ್ತದೆ.

ಈ ಒಸರುವಿಕೆಗೆ ಒಂದು ಮಿತಿಯಿದೆ. ನಾಳದಿಂದ ಸುಮಾರು 100ರಿಂದ 200 ಮೈಕ್ರಾನ್, ಅಂದರೆ ಒಂದೆರಡು ತಲೆಗೂದಲಿನ ದಪ್ಪದಷ್ಟು ದೂರ ಮಾತ್ರ ಆಮ್ಲಜನಕ ತಲುಪಬಲ್ಲದು. ಕೆರೆ ತುಂಬಿದ್ದರೂ ಕಾಲುವೆಯಿಂದ ದೂರವಿರುವ ಗದ್ದೆ ಒಣಗುವಂತೆ, ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ನಾಳದಿಂದ ದೂರವಿರುವ ಜೀವಕೋಶಕ್ಕೆ ಅದು ದೊರೆಯುವುದಿಲ್ಲ. ಮುಂದಿನ ವಿಚಾರವೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಓದುಗರು ಇದನ್ನು ನೆನಪಿನಲ್ಲಿಡಬೇಕು.

ಡಂಗುರದವನು, ನೀರಗಂಟಿ, ಕಾವಲುಗಾರ

ಆಮ್ಲಜನಕ ಕಡಿಮೆಯಾಗಿದೆ ಎಂಬುದು ಒಂದು ಜೀವಕೋಶಕ್ಕೆ ತಿಳಿಯುವುದು ಹೇಗೆ? ಅದಕ್ಕೆ ಕಣ್ಣಿಲ್ಲ, ಮೂಗಿಲ್ಲ. ಈ ಪ್ರಶ್ನೆಗೆ ಉತ್ತರ ಕಂಡುಕೊಂಡ ಅಮೆರಿಕದ ವಿಲಿಯಂ ಕೇಲಿನ್, ಗ್ರೆಗ್ ಸೆಮೆಂಜಾ ಮತ್ತು ಇಂಗ್ಲೆಂಡಿನ ಪೀಟರ್ ರಾಟ್‌ಕ್ಲಿಫ್ ಅವರಿಗೆ 2019ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು. ಅವರು ವಿವರಿಸಿದ ವ್ಯವಸ್ಥೆಯನ್ನು ನಮ್ಮ ಕೆರೆಯ ಸೀಮೆಯ ಮಾತಿನಲ್ಲಿ ಹೇಳಬಹುದು.

ಪ್ರತಿಯೊಂದು ಜೀವಕೋಶದಲ್ಲಿಯೂ ಎಚ್.ಐ.ಎಫ್. ಎಂಬ ಪ್ರೋಟೀನ್ ಎಡೆಬಿಡದೆ ತಯಾರಾಗುತ್ತಿರುತ್ತದೆ. ಇದನ್ನು ಡಂಗುರ ಸಾರುವವನೆಂದು ತಿಳಿಯೋಣ. "ಊರಿಗೆ ಬರ ಬಂದಿದೆ, ಸಿದ್ಧರಾಗಿ" ಎಂದು ಸಾರುವುದೇ ಅವನ ಕೆಲಸ. ಅವನು ಪ್ರತಿದಿನವೂ ಡಂಗುರ ಹಿಡಿದು ಮನೆಯಿಂದ ಹೊರಡುತ್ತಾನೆ. ದಾರಿಯಲ್ಲಿ ನೀರಗಂಟಿ ನಿಂತಿರುತ್ತಾನೆ. ಕೆರೆಯಲ್ಲಿ ನೀರಿದ್ದರೆ, ನೀರಗಂಟಿ ಅದರಲ್ಲಿ ಕೈಯದ್ದಿ ಡಂಗುರದವನ ಬೆನ್ನ ಮೇಲೆ ಒದ್ದೆ ಕೈಯ ಗುರುತು ಮೂಡಿಸುತ್ತಾನೆ. ಊರಬಾಗಿಲಿನ ಕಾವಲುಗಾರನು ಆ ಗುರುತನ್ನು ಕಂಡೊಡನೆ ಡಂಗುರದವನನ್ನು ಹಿಡಿದು ನಿಲ್ಲಿಸುತ್ತಾನೆ. ಕೆರೆ ಬತ್ತಿದ್ದರೆ ಒದ್ದೆ ಕೈಯೂ ಇಲ್ಲ, ಗುರುತೂ ಇಲ್ಲ. ಕಾವಲುಗಾರನು ತಡೆಯುವುದಿಲ್ಲ. ಡಂಗುರ ಊರೊಳಗೆ ಮೊಳಗುತ್ತದೆ.

ಇಲ್ಲಿ ನೀರಗಂಟಿಯೆಂದರೆ ಪ್ರೋಲಿಲ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವ. ಅದು ಕೆಲಸ ಮಾಡಲು ಆಮ್ಲಜನಕವೂ ಕಬ್ಬಿಣದ ಅಂಶವೂ ಬೇಕು. ಆಮ್ಲಜನಕದ ಪರಮಾಣುವನ್ನೇ ತೆಗೆದು ಅದು ಎಚ್.ಐ.ಎಫ್. ಪ್ರೋಟೀನಿನ ಎರಡು ಗೊತ್ತಾದ ಜಾಗಗಳಿಗೆ ಅಂಟಿಸುತ್ತದೆ. ಗುರುತು ಮೂಡುವುದು ಆಮ್ಲಜನಕದಿಂದಲೇ ಆದ್ದರಿಂದ, ಅದಿಲ್ಲದಿದ್ದರೆ ಗುರುತು ಮೂಡುವ ಸಂಭವವೇ ಇಲ್ಲ. ಕಾವಲುಗಾರನ ಹೆಸರು ವಿ.ಎಚ್.ಎಲ್. ಪ್ರೋಟೀನ್. ಗುರುತಿರುವ ಎಚ್.ಐ.ಎಫ್. ಅನ್ನು ಅದು ಹಿಡಿದು, ಯುಬಿಕ್ವಿಟಿನ್ ಎಂಬ ಚೀಟಿ ಕಟ್ಟಿ, ಜೀವಕೋಶದ ಕಸ ಅರೆಯುವ ಯಂತ್ರಕ್ಕೆ ಒಪ್ಪಿಸುತ್ತದೆ. ಆಮ್ಲಜನಕ ಸಾಕಷ್ಟಿರುವಾಗ ಎಚ್.ಐ.ಎಫ್.ನ ಆಯುಸ್ಸು ಕೆಲವೇ ನಿಮಿಷಗಳು. ಒದ್ದೆ ಕೈಯ ಗುರುತಿನ ಈ ರಹಸ್ಯವನ್ನು ಕೇಲಿನ್ ಮತ್ತು ರಾಟ್‌ಕ್ಲಿಫ್ ಅವರ ತಂಡಗಳು 2001ರಲ್ಲಿ ಬೇರೆ ಬೇರೆಯಾಗಿಯೇ ಪ್ರಕಟಿಸಿದವು.

ಗುರುತು ಬೀಳದೆ ಉಳಿದ ಎಚ್.ಐ.ಎಫ್. ಜೀವಕೋಶದ ಕೇಂದ್ರವನ್ನು ಹೊಕ್ಕು, ಅಲ್ಲಿರುವ ಜೊತೆಗಾರ ಪ್ರೋಟೀನಿನೊಡನೆ ಸೇರಿ ನೂರಾರು ವಂಶವಾಹಿಗಳನ್ನು ಎಚ್ಚರಿಸುತ್ತದೆ. ಇದು ರೋಗವಲ್ಲ, ನಮ್ಮನ್ನು ಕಾಯುವ ಏರ್ಪಾಡು. ನಮ್ಮ ತಾಲ್ಲೂಕುಗಳಿಂದ ಸೈನ್ಯ ಸೇರಿದ ಯುವಕರು ಲಡಾಖಿನ ಎತ್ತರದಲ್ಲಿ ಕೆಲವು ವಾರ ಇದ್ದರೆ ಅವರ ರಕ್ತದಲ್ಲಿ ಕೆಂಪು ಕಣಗಳು ಹೆಚ್ಚುತ್ತವೆ. ಡಂಗುರ ಕೇಳಿದ ಮೂತ್ರಪಿಂಡವು ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಸುರಿಸುವುದೇ ಅದಕ್ಕೆ ಕಾರಣ. ಗಾಯ ಮಾಯುವಾಗ ಹೊಸ ರಕ್ತನಾಳಗಳು ಚಿಗುರುವುದು, ಗರ್ಭದಲ್ಲಿ ಮಗು ಬೆಳೆಯುವುದು, ಇವುಗಳಲ್ಲಿಯೂ ಈ ಡಂಗುರದ ಪಾತ್ರವಿದೆ.

ಗಂಟಿನೊಳಗೆ ನಡೆಯುವುದೇನು?

ಸುಶ್ರುತಾಚಾರ್ಯರು ಅರ್ಬುದವನ್ನು ದುಂಡಗಿನ, ಅಲುಗದ, ನೋವು ಕಡಿಮೆಯಿರುವ, ಆಳವಾಗಿ ಬೇರೂರುವ, ನಿಧಾನವಾಗಿ ಹಿಗ್ಗುವ, ಕೀವುಗಟ್ಟದ ಊತವೆಂದು ವರ್ಣಿಸಿದ್ದಾರೆ. ಆ ಗಂಟಿನೊಳಗಿನ ಸ್ಥಿತಿಯನ್ನು ಸೂಕ್ಷ್ಮದರ್ಶಕ ನಮಗೆ ತೋರಿಸಿಕೊಟ್ಟಿತು. 1955ರಲ್ಲಿ ಇಂಗ್ಲೆಂಡಿನ ಥಾಮ್ಲಿನ್ಸನ್ ಮತ್ತು ಗ್ರೇ ಎಂಬ ಸಂಶೋಧಕರು ಶ್ವಾಸಕೋಶದ ಕ್ಯಾನ್ಸರಿನ ತೆಳು ಪದರಗಳನ್ನು ಅಳೆದು ನೋಡಿದರು. ರಕ್ತನಾಳಗಳ ಬದಿಯಲ್ಲಿದ್ದ ಕೋಶಗಳು ಬದುಕಿದ್ದವು, ನಡುವಿನ ಕೋಶಗಳು ಸತ್ತಿದ್ದವು. ಬದುಕಿದ್ದ ಪದರದ ದಪ್ಪ ಸುಮಾರು 180 ಮೈಕ್ರಾನನ್ನು ಮೀರಿರಲಿಲ್ಲ. ಅಂದರೆ, ಆಮ್ಲಜನಕ ಒಸರುವ ಮಿತಿ ಎಷ್ಟೋ ಅಷ್ಟು.

ಈ ಸಾವಿನ ವಲಯಕ್ಕೂ ಸುಖವಾಗಿರುವ ವಲಯಕ್ಕೂ ನಡುವೆ, ಸಾಯದೆ, ಸರಿಯಾಗಿ ಉಸಿರಾಡಲೂ ಆಗದೆ ಉಳಿದ ಕ್ಯಾನ್ಸರ್ ಕೋಶಗಳಿರುತ್ತವೆ. ಅತ್ಯಂತ ಅಪಾಯಕಾರಿ ಇವೇ. ಅಲ್ಲಿ ಡಂಗುರ ಹಗಲಿರುಳು ಮೊಳಗುತ್ತಿರುತ್ತದೆ. ಅದರಿಂದ ಮುಖ್ಯವಾಗಿ ನಾಲ್ಕು ಪರಿಣಾಮಗಳಾಗುತ್ತವೆ.

ಒಂದು: ಕೋಶಗಳು ವಿ.ಇ.ಜಿ.ಎಫ್. ಎಂಬ ಪ್ರೋಟೀನನ್ನು ಹೊರಸೂಸಿ ಹೊಸ ರಕ್ತನಾಳಗಳನ್ನು ತಮ್ಮತ್ತ ಸೆಳೆಯುತ್ತವೆ. ಅಂತರ್ಜಲ ಕುಸಿದಾಗ ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿ ದಾಟಿ ಕೊಳವೆಬಾವಿ ಕೊರೆಸಿದ್ದನ್ನು ನಾವೆಲ್ಲರೂ ಕಂಡಿದ್ದೇವೆ. ಗಂಟು ಮಾಡುವುದೂ ಅದನ್ನೇ. ಆದರೆ ಅವಸರದಲ್ಲಿ ಬೆಳೆದ ಆ ನಾಳಗಳು ಸೊಟ್ಟಗೆ, ಸೋರುವಂತೆ ಇರುತ್ತವೆ. ಹಾಗಾಗಿ ಬರ ನೀಗುವುದಿಲ್ಲ, ಕೊರೆಯುವುದು ನಿಲ್ಲುವುದಿಲ್ಲ.

ಎರಡು: ಆಮ್ಲಜನಕವಿಲ್ಲದೆಯೇ ಸಕ್ಕರೆಯನ್ನು ಒಡೆದು ಶಕ್ತಿ ಪಡೆಯುವ ದಾರಿಯನ್ನು ಕೋಶಗಳು ಹಿಡಿಯುತ್ತವೆ. ಕ್ಯಾನ್ಸರ್ ಕೋಶಗಳ ಈ ಸ್ವಭಾವವನ್ನು ನೂರು ವರ್ಷಗಳ ಹಿಂದೆಯೇ ಗುರುತಿಸಿದವರು ಜರ್ಮನಿಯ ಆಟೊ ವಾರ್ಬರ್ಗ್. ಜೀವಕೋಶದ ಉಸಿರಾಟದ ಕಿಣ್ವವನ್ನು ಕುರಿತ ಸಂಶೋಧನೆಗೆ 1931ರಲ್ಲಿ ಅವರಿಗೂ ನೊಬೆಲ್ ದೊರೆಯಿತು. ಮೊಬೈಲಿನ ಸಂದೇಶಗಳು ಬಹುತೇಕ ಹಿಡಿದುಕೊಳ್ಳುವುದು ಇವರ ಹೆಸರನ್ನೇ.

ಮೂರು: ಕೋಶಗಳ ನಡುವಿನ ಬಂಧ ಸಡಿಲಗೊಂಡು, ಅವು ಇದ್ದ ಜಾಗ ಬಿಟ್ಟು ವಲಸೆ ಹೊರಡುತ್ತವೆ. ಬರದ ವರ್ಷಗಳಲ್ಲಿ ನಮ್ಮ ಹಳ್ಳಿಗಳ ಜನರು ಬೆಂಗಳೂರಿಗೆ ಗುಳೆ ಹೋಗಲಿಲ್ಲವೇ? ರೋಗ ಬೇರೆ ಅಂಗಗಳಿಗೆ ಹರಡುವುದರ ಹಿಂದೆ ಈ ಕಾರಣವೂ ಒಂದು.

ನಾಲ್ಕು: ಆಮ್ಲಜನಕವಿಲ್ಲದ ಕೋಶಗಳು ವಿಕಿರಣ ಚಿಕಿತ್ಸೆಗೆ ಸುಲಭವಾಗಿ ಬಗ್ಗುವುದಿಲ್ಲ. ಚೆನ್ನಾಗಿ ಆಮ್ಲಜನಕ ದೊರೆಯುವ ಕೋಶವನ್ನು ಕೊಲ್ಲಲು ಬೇಕಾದುದಕ್ಕಿಂತ ಎರಡೂವರೆಯಿಂದ ಮೂರು ಪಟ್ಟು ಹೆಚ್ಚು ವಿಕಿರಣ ಇವುಗಳಿಗೆ ಬೇಕಾಗಬಹುದು.

ಹಾಗಾದರೆ ಪ್ರಾಣಾಯಾಮ ಮಾಡಿದರೆ ಸಾಲದೇ?

ಗೌರಿಬಿದನೂರಿನ ಭಕ್ತರ ಪ್ರಶ್ನೆಗೆ ಈಗ ಬರೋಣ. ಗಂಟಿಗೆ ಆಮ್ಲಜನಕ ಸಾಲದು ಎಂಬುದು ನಿಜ. ಆದ್ದರಿಂದ ಹೆಚ್ಚು ಉಸಿರೆಳೆದುಕೊಂಡರೆ ಗಂಟು ಸಾಯುತ್ತದೆ ಎಂಬುದು ನಿಜವಲ್ಲ. ಇದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿ ನೋಡುತ್ತಿದ್ದ ಯಂತ್ರ ಎಲ್ಲರಿಗೂ ನೆನಪಿರಬಹುದು. ಆರೋಗ್ಯವಂತರಲ್ಲಿ ಅದು 95ಕ್ಕಿಂತ ಮೇಲೆಯೇ ತೋರಿಸುತ್ತದೆ. ಸಾಧಾರಣ ಉಸಿರಿನಲ್ಲಿಯೇ ಹಿಮೋಗ್ಲೋಬಿನ್ ತುಂಬಿ ಹೋಗಿರುತ್ತದೆ. ತುಂಬಿದ ಕೊಡಕ್ಕೆ ಇನ್ನೂ ನೀರು ಹೊಯ್ದರೆ ಹೆಚ್ಚೇನೂ ಹಿಡಿಯದು. ಕೊರತೆಯಿರುವುದು ಕೆರೆಯಲ್ಲಲ್ಲ, ಕಾಲುವೆಯಲ್ಲಿ.

ಎರಡನೆಯದು, ಪ್ರಾಣವಾಯುವಿಗೆ ಕ್ಯಾನ್ಸರ್ ಹೆದರುವುದಾಗಿದ್ದರೆ ಅದು ಶ್ವಾಸಕೋಶದಲ್ಲಿ ಬರಲೇಬಾರದಿತ್ತು. ಆದರೆ ಶ್ವಾಸಕೋಶದ ಕ್ಯಾನ್ಸರಿನಿಂದ ಎಷ್ಟೋ ಜನ ನರಳುವುದನ್ನು ನಾವು ಕಾಣುತ್ತಲೇ ಇದ್ದೇವೆ.

ಮೂರನೆಯದು, ಕೆಲವು ಕ್ಯಾನ್ಸರ್‌ಗಳಲ್ಲಿ ಕಾವಲುಗಾರನೇ ಇಲ್ಲವಾಗಿರುತ್ತಾನೆ. ಮೂತ್ರಪಿಂಡದ ಕ್ಯಾನ್ಸರಿನ ಒಂದು ಮುಖ್ಯ ಬಗೆಯಲ್ಲಿ ವಿ.ಎಚ್.ಎಲ್. ಪ್ರೋಟೀನನ್ನು ಮಾಡುವ ವಂಶವಾಹಿ ಕೆಟ್ಟುಹೋಗಿರುತ್ತದೆ. ಕೆರೆ ಕೋಡಿ ಹರಿಯುತ್ತಿದ್ದರೂ, ಬೆನ್ನ ಮೇಲೆ ಗುರುತಿದ್ದರೂ, ಹಿಡಿಯುವವರಿಲ್ಲದ ಕಾರಣ ಡಂಗುರ ಮೊಳಗುತ್ತಲೇ ಇರುತ್ತದೆ. ಅಂತಹ ಗಂಟಿನಲ್ಲಿ ಎಷ್ಟು ಉಸಿರು ತುಂಬಿದರೂ ಆ ಸಂಕೇತ ಅಡಗುವುದಿಲ್ಲ. ಡಂಗುರದವನ ಬಾಯನ್ನೇ ಕಟ್ಟುವ ಬೆಲ್ಜುಟಿಫ್ಯಾನ್ ಎಂಬ ಮಾತ್ರೆಗೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ನೊಬೆಲ್ ಪಡೆದ ಸಂಶೋಧನೆಯಿಂದ ದೊರೆತ ಔಷಧ ಇದು, ಉಸಿರಾಟದ ವ್ಯಾಯಾಮವಲ್ಲ.

ಹಾಗೆಂದು ಪ್ರಾಣಾಯಾಮವನ್ನು ನಾವು ಅಲ್ಲಗಳೆಯುವವರಲ್ಲ. ಚಿಕಿತ್ಸೆಯ ಕಾಲದ ಆತಂಕ, ನಿದ್ರಾಹೀನತೆ, ಬಳಲಿಕೆಗಳಿಗೆ ಅದು ಒಳ್ಳೆಯ ಆಸರೆ. ಚಿಕಿತ್ಸೆಯ ಜೊತೆಗೆ ಮಾಡಲಿ. ಚಿಕಿತ್ಸೆಯ ಬದಲಿಗೆ ಮಾಡಿದರೆ ಕಳೆದುಹೋಗುವುದು ಕಾಲ.

ನಮ್ಮ ಸೀಮೆಯ ಮೂರು ಎಚ್ಚರಿಕೆಗಳು

ಅಡಿಕೆ ಮತ್ತು ಕಡ್ಡಿಪುಡಿ: ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಿರಿಯ ತಾಯಂದಿರ ಸಂಚಿಯಲ್ಲಿ ಎಲೆ, ಅಡಿಕೆ, ಸುಣ್ಣ, ಕಡ್ಡಿಪುಡಿ ಇದ್ದೇ ಇರುತ್ತವೆ. ತಂಬಾಕು ಸೇರದಿದ್ದರೂ ಅಡಿಕೆ ತಾನೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದೆ. ಗುಟ್ಕಾವನ್ನು ನಮ್ಮ ರಾಜ್ಯದಲ್ಲಿ 2013ರಲ್ಲಿ ನಿಷೇಧಿಸಲಾಯಿತು. ಅಡಿಕೆಯನ್ನು ಬಹುಕಾಲ ಅಗಿಯುವವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ, ಬಾಯಿ ಬಿಗಿದುಕೊಳ್ಳುತ್ತದೆ. ನಾರು ಹೆಚ್ಚಿದಂತೆ ರಕ್ತನಾಳಗಳು ಕ್ಷೀಣಿಸಿ ಅಲ್ಲಿ ಪ್ರಾಣವಾಯುವಿನ ಬರ ಉಂಟಾಗುತ್ತದೆ. ಅಂತಹ ಅಂಗಾಂಶದಲ್ಲಿ ಎಚ್.ಐ.ಎಫ್. ಹೆಚ್ಚಿರುವುದನ್ನು ಸಂಶೋಧಕರು ಕಂಡಿದ್ದಾರೆ. ಬಾಯೊಳಗೆ ಮೂರು ಬೆರಳು ನೆಟ್ಟಗೆ ಹಿಡಿಸದಷ್ಟು ಬಿಗಿದಿದ್ದರೆ ತಡಮಾಡದೆ ದಂತವೈದ್ಯರಿಗೆ ತೋರಿಸಬೇಕು.

ರಕ್ತಹೀನತೆ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆಯಿದೆ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಗಂಟಿನೊಳಗಿನ ಬರ ಇನ್ನೂ ತೀವ್ರವಾಗುತ್ತದೆ. ಗರ್ಭಕೊರಳಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುವ ರಕ್ತಹೀನ ಮಹಿಳೆಯರಲ್ಲಿ ಫಲ ಕಡಿಮೆಯೆಂಬುದು ಬಹಳ ಹಿಂದಿನಿಂದ ತಿಳಿದಿರುವ ಸಂಗತಿ. ಚಿಕಿತ್ಸೆಗೆ ಮುನ್ನ ವೈದ್ಯರು ರಕ್ತ ಹಾಕಿಸಿ ಎಂದರೆ ಬೇಡವೆನ್ನಬಾರದು. ಆದರೆ ರಕ್ತ ಹೆಚ್ಚಿಸುವ ಚುಚ್ಚುಮದ್ದನ್ನಾಗಲಿ, ನಮ್ಮ ಮಂಡೂರ ಭಸ್ಮ, ಲೋಹಾಸವಗಳನ್ನಾಗಲಿ ಕ್ಯಾನ್ಸರ್ ತಜ್ಞರಿಗೆ ತಿಳಿಸದೆ ತೆಗೆದುಕೊಳ್ಳುವುದು ಸಲ್ಲದು.

ಹೊಗೆ: ಬೀಡಿ ಸಿಗರೇಟಿನ ಹೊಗೆಯಲ್ಲಿಯೂ, ಗೂಡು ಬೇಯಿಸುವ ಸೌದೆ ಒಲೆಯ ಹೊಗೆಯಲ್ಲಿಯೂ ಕಾರ್ಬನ್ ಮಾನಾಕ್ಸೈಡ್ ಇದೆ. ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಪ್ರಾಣವಾಯುವಿನ ಜಾಗವನ್ನು ಕಬಳಿಸುತ್ತದೆ. ಬಾಯಿ, ಗಂಟಲಿನ ಕ್ಯಾನ್ಸರಿಗೆ ವಿಕಿರಣ ಪಡೆಯುವಾಗಲೂ ಧೂಮಪಾನ ಬಿಡದವರಲ್ಲಿ ಚಿಕಿತ್ಸೆಯ ಫಲ ಕುಂದುತ್ತದೆ. "ಹೇಗೂ ರೋಗ ಬಂದಾಯಿತು, ಇನ್ನು ಬಿಟ್ಟು ಏನು ಪ್ರಯೋಜನ" ಎನ್ನುವವರು ಇದನ್ನು ಗಮನಿಸಬೇಕು. ನೂಲು ಬಿಚ್ಚುವ ಮನೆಗಳಲ್ಲಿ ಹೊಗೆ ಹೊರಹೋಗಲು ಎತ್ತರದ ಕೊಳವೆ, ಎದುರುಬದುರು ಕಿಟಕಿ ಇರಲೇಬೇಕು.

ನಮ್ಮಿಂದಾದ ತಪ್ಪು

ಇಷ್ಟನ್ನು ಒತ್ತಿ ಹೇಳಲು ಒಂದು ಕಾರಣವಿದೆ. ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ಚಿಂತಾಮಣಿಯ ನಮ್ಮ ಚಿಕಿತ್ಸಾಲಯಕ್ಕೆ ಹತ್ತಿರದ ಹಳ್ಳಿಯಿಂದ ಅಜ್ಜಿಯೊಬ್ಬರು ಬಂದಿದ್ದರು. ಕಡ್ಡಿಪುಡಿ ಇಟ್ಟುಕೊಳ್ಳುವ ಕಡೆಯ ಕೆನ್ನೆಯಲ್ಲಿ ಹುಣ್ಣು. ನೋವು ಅಷ್ಟಾಗಿ ಇರಲಿಲ್ಲ. ನಾವು ತ್ರಿಫಲಾ ಕಷಾಯದಿಂದ ಬಾಯಿ ಮುಕ್ಕಳಿಸಲು ಹೇಳಿ ಲೇಪ ಕೊಟ್ಟೆವು. ಎರಡು ವಾರಕ್ಕೆ ವಾಸಿಯಾಗಲಿಲ್ಲ, ಲೇಪ ಬದಲಾಯಿಸಿದೆವು. ಹೀಗೆಯೇ ಎರಡು ತಿಂಗಳು ಕಳೆದವು. ನೋವು ಕಡಿಮೆಯಿರುವ, ಆಳವಾಗಿ ಬೇರೂರುವ ಊತದ ಲಕ್ಷಣವನ್ನು ಕಾಲೇಜಿನಲ್ಲಿ ಕಂಠಪಾಠ ಮಾಡಿದ್ದ ನಮಗೆ ಅದು ಎದುರಿಗೇ ಕುಳಿತಿದ್ದಾಗ ಕಾಣಲಿಲ್ಲ. ಕೊನೆಗೆ ಅವರ ಮಗ ಬೆಂಗಳೂರಿಗೆ ಕರೆದೊಯ್ದಾಗ ರೋಗ ಕತ್ತಿನ ಗ್ರಂಥಿಗಳಿಗೆ ಇಳಿದಿತ್ತು. ಅಜ್ಜಿ ವರ್ಷ ತುಂಬುವುದರೊಳಗೆ ತೀರಿಕೊಂಡರು. ಮಗ ನಮ್ಮನ್ನು ದೂರಲಿಲ್ಲ. ತಾಯಿಯ ತಿಥಿಗೆ ಕರೆಯಲು ಬಂದ. ಅಂದಿನಿಂದ ಎರಡು ವಾರ ದಾಟಿದ ಬಾಯಿಹುಣ್ಣಿಗೆ ನಾವು ಔಷಧ ಬರೆಯುವುದಿಲ್ಲ, ತುಣುಕು ಪರೀಕ್ಷೆಗೆ ಚೀಟಿ ಬರೆಯುತ್ತೇವೆ.

ಗಂಟು ಚಿಕ್ಕದಾಗಿರುವಾಗ ಎಲ್ಲ ಕೋಶಗಳಿಗೂ ನಾಳ ಹತ್ತಿರ. ಬೆಳೆದಷ್ಟೂ ನಡುಭಾಗ ದೂರವಾಗಿ, ಬರ ಹೆಚ್ಚಿ, ಡಂಗುರ ಜೋರಾಗಿ, ಹರಡುವ ಸ್ವಭಾವವೂ ಚಿಕಿತ್ಸೆಗೆ ಬಗ್ಗದ ಸ್ವಭಾವವೂ ಕೂಡಿಬರುತ್ತವೆ. ಆರಂಭದಲ್ಲಿಯೇ ತೋರಿಸಿ ಎಂದು ವೈದ್ಯರು ಹೇಳುವ ಮಾತಿಗೆ ಜೀವಕೋಶದೊಳಗಿನ ಸಾಕ್ಷಿ ಇದು.

ಭಕ್ತರು ಪಾಲಿಸಬೇಕಾದುದು

1. ಎರಡು ವಾರದಲ್ಲಿ ಮಾಯದ ಬಾಯಿಹುಣ್ಣು, ಸ್ತನದಲ್ಲಿ ನೋವಿಲ್ಲದ ಗಂಟು, ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ, ಕಾರಣವಿಲ್ಲದ ತೂಕನಷ್ಟ, ಮೂರು ವಾರ ಮೀರಿದ ಧ್ವನಿ ಒಡಕು: ಇವುಗಳಲ್ಲಿ ಯಾವುದಿದ್ದರೂ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ.

2. ತುಣುಕು ತೆಗೆದು ಪರೀಕ್ಷಿಸಿದರೆ ರೋಗ ಹರಡುತ್ತದೆ ಎಂಬ ಭಯ ಬೇಡ. ರೋಗ ಯಾವುದೆಂದು ತಿಳಿಯದೆ ಚಿಕಿತ್ಸೆಯಿಲ್ಲ.

3. ಬಡತನದ ಕಾರಣಕ್ಕೆ ಹಿಂಜರಿಯಬೇಡಿ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಆಸ್ಪತ್ರೆ ಕ್ಯಾನ್ಸರ್ ರೋಗಿಗಳ ಸೇವೆಯಲ್ಲಿದೆ. ಬಿ.ಪಿ.ಎಲ್. ಕಾರ್ಡುದಾರರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವುಂಟು. ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ವಿಚಾರಿಸಿ.

4. ಚಿಕಿತ್ಸೆಯ ಕಾಲದಲ್ಲಿ ಯಾವ ಲೇಹ್ಯ, ಭಸ್ಮ, ಕಷಾಯ ತೆಗೆದುಕೊಂಡರೂ ತಜ್ಞರಿಗೆ ತಿಳಿಸಿ. ನಾವು ಕೊಟ್ಟದ್ದಾದರೂ ಸರಿಯೇ, ತಿಳಿಸಿ.

ಈ ಲೇಖನ ಮುಗಿಸುವ ಹೊತ್ತಿಗೆ ಗೌರಿಬಿದನೂರಿನಿಂದ ಕರೆ ಬಂದಿತು. ಅಕ್ಕನನ್ನು ಒಪ್ಪಿಸಿ ಆಸ್ಪತ್ರೆಗೆ ಕರೆದೊಯ್ದಿದ್ದಾರೆ, ಸೂಜಿಯಿಂದ ತುಣುಕು ತೆಗೆದಿದ್ದಾರೆ, ವರದಿ ಬರಲು ಇನ್ನೂ ಒಂದು ವಾರ ಬೇಕಂತೆ. "ಬೆಳಿಗ್ಗೆ ಪ್ರಾಣಾಯಾಮ ಬಿಟ್ಟಿಲ್ಲ ಡಾಕ್ಟ್ರೇ, ಮಾಡಬಹುದಲ್ಲವೇ?" ಎಂದು ಆ ತಾಯಿಯೇ ಫೋನಿನಲ್ಲಿ ಕೇಳಿದರು. "ಅಗತ್ಯವಾಗಿ ಮಾಡಿ ತಾಯಿ, ವರದಿ ಬಂದ ದಿನವೇ ನಮಗೂ ತಿಳಿಸಿ" ಎಂದೆವು.